ಬಡವರು ಯಾವಾಗಲೂ ಇರುತ್ತಾರೆ ಎಂದು ಯೇಸುಸ್ವಾಮಿಯೇ ಹೇಳಿದ್ದಾರಲ್ಲ?

ಸಭೆಯಲ್ಲಿ ಬಡವರ ನಿಧಿಯ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಈ ಪ್ರಶ್ನೆ ಎತ್ತುತ್ತಾರೆ: “ಬಡವರು ಯಾವಾಗಲೂ ನಿಮ್ಮ ಬಳಿ ಇರುತ್ತಾರೆ ಅಂತ ಯೇಸುಸ್ವಾಮಿಯೇ ಹೇಳಿಬಿಟ್ಟಿದ್ದಾರೆ. ಮತ್ತೆ ಮನೆಯಿಲ್ಲದವರು, ಬೀದಿಯಲ್ಲಿ ಮಲಗುವವರು ಅಂತ ನಾವ್ಯಾಕೆ ತಲೆಕೆಡಿಸಿಕೊಳ್ಳಬೇಕು? ಅದು ಮುಗಿಯುವ ಕೆಲಸವೇ?”

ನಾವು ಕೇಳಿಸಿಕೊಂಡಿರುವುದು ಅರ್ಧ ಮಾತು. ಬೇಥಾನ್ಯ ಎಂಬ ಊರಲ್ಲಿ ಒಬ್ಬ ಹೆಂಗಸು ಯೇಸುಸ್ವಾಮಿಯ ಮೇಲೆ ಸುಗಂಧತೈಲ ಸುರಿದಾಗ, ಇದನ್ನು ಮುನ್ನೂರಕ್ಕೂ ಹೆಚ್ಚು ದಿನಾರಿಗೆ ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದು ಕೆಲವರು ಗೊಣಗಿದರು. ಕೂಲಿಯವನ ದಿನದ ಸಂಬಳ ಒಂದು ದಿನಾರಿ. ಅಂದರೆ ಹೆಚ್ಚುಕಡಿಮೆ ವರ್ಷದ ದುಡಿಮೆ. (ಹೀಗೆ ಲೆಕ್ಕ ಹಾಕಿದ ಶಿಷ್ಯ ಯೂದನು ಹಣದ ಚೀಲದಿಂದ ಕದಿಯುತ್ತಿದ್ದನೆಂದು ಯೋಹಾನನು ಬರೆದೇಬಿಟ್ಟಿದ್ದಾನೆ.) ಅಲ್ಲಿ ಕೂತಿದ್ದವರು ಧರ್ಮಶಾಸ್ತ್ರ ಕೇಳಿಯೇ ಬೆಳೆದವರು. ‘ಬಡವರು ಯಾವಾಗಲೂ ಇರುತ್ತಾರೆ’ ಎಂದು ಅವರಿಗೆ ಉತ್ತರ ಕೊಡುವಾಗ ಯೇಸುಸ್ವಾಮಿ ಎತ್ತಿಕೊಂಡದ್ದು ಧರ್ಮೋಪದೇಶಕಾಂಡ 15:11ರ ಮೊದಲ ತುಂಡು. ಅದರ ಮುಂದಿನ ತುಂಡು: ಆದಕಾರಣ ನಿನ್ನ ದೇಶದ ಬಡವನಿಗೆ ಕೈ ತೆರೆದು ಕೊಡು. ಬಡವರಿದ್ದೇ ಇರುತ್ತಾರೆ ಅನ್ನುವುದು ಅಲ್ಲಿ ಕೊಡುವುದಕ್ಕೆ ಕಾರಣ, ಸುಮ್ಮನಿರುವುದಕ್ಕಲ್ಲ.

ಅದೇ ಅಧ್ಯಾಯದ 4ನೇ ವಚನ ‘ನಿಮ್ಮಲ್ಲಿ ಬಡವರೇ ಇರಬಾರದು’ ಎನ್ನುತ್ತದೆ. ಎರಡು ವಚನಗಳ ನಡುವೆ ಇರುವುದೆಲ್ಲ ಸಾಲದ ವಿಷಯ. ಏಳನೇ ವರ್ಷ ಸಾಲ ಮನ್ನಾ. ಮನ್ನಾ ಆಗುವ ವರ್ಷ ಹತ್ತಿರ ಬಂತೆಂದು ಸಾಲ ಕೊಡದೆ ಬಾಗಿಲು ಹಾಕಿಕೊಳ್ಳಬೇಡ ಎಂಬ ಎಚ್ಚರಿಕೆಯೂ ಅಲ್ಲೇ ಇದೆ. ಜನ ಮಾಡಿದ್ದು ಅದನ್ನೇ. ಸಾಲ ಹುಟ್ಟದೆ ಬಡವನೇ ಸೊರಗಿದ್ದರಿಂದ ಹಿಲ್ಲೇಲ್ ಎಂಬ ರಬ್ಬಿ (ಯೆಹೂದ್ಯ ಗುರು) ಸಾಲಪತ್ರವನ್ನು ನ್ಯಾಯಸ್ಥಾನದ ವಶಕ್ಕೊಪ್ಪಿಸುವ ‘ಪ್ರೊಸ್ಬುಲ್’ ಎಂಬ ಏರ್ಪಾಡು ತಂದನು. ಹಾಗೆ ಒಪ್ಪಿಸಿದ ಸಾಲಕ್ಕೆ ಮನ್ನಾ ತಗಲುತ್ತಿರಲಿಲ್ಲ. ಒಳ್ಳೆಯ ಕಾನೂನು ಎಲ್ಲಿ ಸೋರುತ್ತದೆಂದು ನೋಡಬೇಕಾದವರು ಇದನ್ನು ಓದಬೇಕು.

ಮನುಷ್ಯ ಮನೆ ಕಳೆದುಕೊಳ್ಳುವುದು ಹೇಗೆಂದು ಯಾಜಕಕಾಂಡ 25 ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ ತೋರಿಸುತ್ತದೆ. ‘ನಿನ್ನ ಸಹೋದರನು ಬಡವನಾಗಿ’ ಎಂಬ ಮಾತು 25, 35, 39, 47ನೇ ವಚನಗಳಲ್ಲಿ ಮರಳಿ ಬರುತ್ತದೆ, ಪ್ರತಿಸಲವೂ ಒಂದು ಮೆಟ್ಟಿಲು ಕೆಳಗೆ. ಮೊದಲು ಜಮೀನಿನ ತುಂಡು ಹೋಗುತ್ತದೆ. ಆಮೇಲೆ ಬದುಕುವ ದಾರಿ ತಪ್ಪುತ್ತದೆ. ಇಲ್ಲಿ ಬಡ್ಡಿ ತಗೊಳ್ಳಬಾರದು, ಊಟಕ್ಕೆ ಕೊಟ್ಟದ್ದರ ಮೇಲೆ ಲಾಭ ಹಿಡಿಯಬಾರದು. ಆಮೇಲೆ ಅವನು ತನ್ನನ್ನೇ ಮಾರಿಕೊಳ್ಳುತ್ತಾನೆ. ಜಮೀನನ್ನೂ ಪೂರ್ತಿ ಮಾರುವಂತಿಲ್ಲ. ಐವತ್ತನೇ ವರ್ಷವಾದ ಜೂಬಿಲಿಯಲ್ಲಿ ಅದು ಮೂಲ ಒಡೆಯನಿಗೆ ಮರಳುತ್ತದೆ, ಅಲ್ಲಿಯವರೆಗೆ ಎಷ್ಟು ಬೆಳೆ ಉಳಿದಿದೆಯೋ ಅಷ್ಟಕ್ಕೇ ಬೆಲೆ. ಹಳ್ಳಿಯ ಮನೆ ಜಮೀನಿನಂತೆಯೇ ಹಿಂದಿರುಗುತ್ತದೆ. ಕೋಟೆಯೊಳಗಿನ ಪಟ್ಟಣದ ಮನೆ ಹಾಗಲ್ಲ: ಬಿಡಿಸಿಕೊಳ್ಳಲು ಒಂದೇ ವರ್ಷ ಗಡುವು, ತಪ್ಪಿದರೆ ಹೋಯಿತು. ಪಟ್ಟಣದ ಬಡವನಿಗೆ ಆಗಲೂ ಆಸರೆ ತೆಳುವಾಗಿಯೇ ಇತ್ತು.

ಎಲ್ಲ ಹೋದವನ ಬಳಿ ಉಳಿಯುವುದು ಮೇಲುಹೊದಿಕೆ. ಹಗಲು ಬಟ್ಟೆ, ರಾತ್ರಿ ಕಂಬಳಿ. ಅದನ್ನು ಒತ್ತೆ ಇಟ್ಟುಕೊಂಡರೆ ಸೂರ್ಯ ಮುಳುಗುವುದರೊಳಗೆ ವಾಪಸು ಕೊಡಬೇಕು. ಇಲ್ಲದಿದ್ದರೆ ಅವನು ಏನು ಹೊದ್ದು ಮಲಗಿಯಾನು ಎಂದು ವಿಮೋಚನಕಾಂಡ 22:27 ಕೇಳುತ್ತದೆ. ಒತ್ತೆ ತರಲು ಸಾಲಗಾರನ ಮನೆಯೊಳಗೆ ನುಗ್ಗಬಾರದು, ಹೊರಗೇ ನಿಲ್ಲಬೇಕು. ಬೀಸುವ ಕಲ್ಲನ್ನಾಗಲಿ, ಅದರ ಮೇಲಿನ ಕಲ್ಲೊಂದನ್ನೇ ಆಗಲಿ ಒತ್ತೆ ಹಿಡಿಯಬಾರದು. ಮೇಲಿನದು ಹೋದರೆ ಕೆಳಗಿನದು ಬರೀ ಬಂಡೆ, ಆ ದಿನದ ರೊಟ್ಟಿಗೆ ಹಿಟ್ಟಿಲ್ಲ. ಇವೆಲ್ಲ ಬರೀ ಉಪದೇಶವಲ್ಲ ಎನ್ನುವುದಕ್ಕೆ 1960ರಲ್ಲಿ ಇಸ್ರೇಲಿನ ಕಡಲಂಚಿನ ಕೋಟೆಯೊಂದರಲ್ಲಿ ಸಿಕ್ಕ ಮಡಕೆಚೂರು ಸಾಕ್ಷಿ. ಕ್ರಿ.ಪೂ. 7ನೇ ಶತಮಾನದ ಕೊನೆಯದು. ಕೊಯ್ಲಿನ ಆಳೊಬ್ಬ ಅಧಿಕಾರಿಗೆ ಬರೆಸಿದ ದೂರು ಅದರ ಮೇಲಿದೆ: ನನ್ನ ಪಾಲಿನ ಕೊಯ್ಲು ಮುಗಿಸಿದ್ದರೂ ಹೋಷಯಾಹು ನನ್ನ ಬಟ್ಟೆ ಕಿತ್ತುಕೊಂಡ, ಬಿಸಿಲಲ್ಲಿ ಜೊತೆಗೆ ಕೊಯ್ದವರು ಸಾಕ್ಷಿ ಹೇಳುತ್ತಾರೆ, ಬಟ್ಟೆ ಕೊಡಿಸಿ.

“ಕೆಲಸ ಮಾಡದವನು ಊಟ ಮಾಡಬಾರದು ಅಂತ ಪೌಲನೂ ಹೇಳಿದ್ದಾನೆ” ಎಂಬುದು ಬೆನ್ನಿಗೇ ಬರುವ ಪ್ರಶ್ನೆ. 2 ಥೆಸಲೊನೀಕ 3:10ರಲ್ಲಿರುವುದು ‘ಮಾಡಲು ಮನಸ್ಸಿಲ್ಲದವನು’ ಎಂದು. ಕೆಲಸ ಸಿಗದವನ ಮಾತೇ ಅಲ್ಲಿಲ್ಲ. ಕೆಲಸವನ್ನೂ ಊಟವನ್ನೂ ಒಟ್ಟಿಗೆ ಕೊಡುವ ಏರ್ಪಾಡು ಹಕ್ಕಲು. ಹೊಲದ ಅಂಚು ಕೊಯ್ಯಬಾರದು, ಬಿದ್ದ ತೆನೆ ಆರಿಸಬಾರದು, ಮರೆತ ಸಿವುಡಿಗೆ ಹಿಂದಿರುಗಬಾರದು. ಅಂಚು ಎಂದರೆ ಎಷ್ಟು? ಅರವತ್ತರಲ್ಲೊಂದು ಪಾಲಿಗೆ ಕಡಿಮೆಯಿಲ್ಲದಂತೆ ಎಂದು ಯೆಹೂದ್ಯರ ನಿಯಮಸಂಗ್ರಹವಾದ ಮಿಶ್ನಾ ಗೊತ್ತುಮಾಡಿತು. ಒಟ್ಟಿಗೆ ಎರಡು ತೆನೆ ಬಿದ್ದರೆ ಬಡವರದು, ಮೂರು ಬಿದ್ದರೆ ಯಜಮಾನನದು ಎಂಬಷ್ಟು ಸೂಕ್ಷ್ಮಕ್ಕೂ ಇಳಿಯಿತು. ಇದರಲ್ಲಿ ಯಾರಿಗೆ ಕೊಡಲಿ ಎಂದು ಆರಿಸುವ ಅಧಿಕಾರ ಯಜಮಾನನಿಗಿಲ್ಲ. ಬೈಬಲಿನ ಬಡ ವಿಧವೆ ರೂತಳು ಸಂಜೆವರೆಗೆ ಆಯ್ದು ಬಡಿದಾಗ ಸಿಕ್ಕಿದ್ದು ಒಂದು ಏಫಾ ಜವೆಗೋದಿ, ಸುಮಾರು 22 ಲೀಟರು. ತೆನೆ ಬೇಕೆಂದೇ ಉದುರಿಸಿ ಎಂದು ಹೊಲದ ಒಡೆಯ ಬೋವಜನು ಆಳುಗಳಿಗೆ ಹೇಳಿದ್ದು ನಿಯಮದಾಚೆಯ ಔದಾರ್ಯ.

ದಶಮಾಂಶದ (ಆದಾಯದ ಹತ್ತರಲ್ಲೊಂದು ಪಾಲು ಕೊಡುವುದರ) ಪ್ರಸಂಗಕ್ಕೆ, ಅದನ್ನೆಲ್ಲ ದೇವಾಲಯದ ಭಂಡಾರಕ್ಕೆ ತನ್ನಿ ಎನ್ನುವ ಮಲಾಕಿಯ 3:10 ತಪ್ಪದೆ ಬರುತ್ತದೆ. ಮೂರನೇ ವರ್ಷದ ದಶಮಾಂಶ ಊರಲ್ಲೇ ಉಳಿದು ಲೇವಿಯರು (ಸ್ವಂತ ಜಮೀನಿಲ್ಲದ ದೇವಸೇವಕರು), ಪರದೇಶಿ, ಅನಾಥರು, ವಿಧವೆಯರು ಉಣ್ಣಬೇಕೆನ್ನುವ ಧರ್ಮೋಪದೇಶಕಾಂಡ 14:28–29 ಅಪರೂಪಕ್ಕೂ ಬರುವುದಿಲ್ಲ.

ಹಾಗಾದರೆ ಸಭೆ ಮಾಡುವುದೇನು? ಕ್ರಿಸ್‌ಮಸ್ಸಿಗೆ ಕಂಬಳಿ ಹಂಚುವುದು ತಪ್ಪಲ್ಲ, ಆದರೆ ಅದು ಕೊನೆಯ ಮೆಟ್ಟಿಲಿನ ಕೆಲಸ. ಮೇಲಿನ ಮೆಟ್ಟಿಲಲ್ಲೇ ಹಿಡಿಯಬೇಕು. ಸ್ವಿಟ್ಜರ್‌ಲೆಂಡಿನಿಂದ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಿಗೆ ಇದು ಬೇಗ ತಿಳಿಯಿತು: ಕ್ರೈಸ್ತರಾದವರು ಮನೆ, ಕಸುಬು ಎರಡನ್ನೂ ಕಳೆದುಕೊಂಡು ಬಂದಾಗ ದಾನ ಸಾಲದೆಂದು 1851ರಲ್ಲಿ ನೇಯ್ಗೆ, 1865ರಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದರು. ಇಂದಿನ ಬೆಂಗಳೂರಲ್ಲಿ ಕೂಲಿ ಸಿಕ್ಕಿದವನನ್ನೂ ಬೀದಿಯಲ್ಲೇ ಉಳಿಸುವುದು ಬಾಡಿಗೆಗಿಂತ ಅಡ್ವಾನ್ಸ್. ಹತ್ತು ತಿಂಗಳ ಬಾಡಿಗೆ ಕೇಳುವ ರೂಢಿ. ₹5,000 ಬಾಡಿಗೆಯ ಕೋಣೆಗೆ ₹50,000. ಅದನ್ನು ಸಭೆಯ ನಿಧಿಯಿಂದ ಬಡ್ಡಿಯಿಲ್ಲದೆ ಕೊಡಬಹುದು. ದುಡ್ಡು ಮನೆಯೊಡೆಯರ ಬ್ಯಾಂಕ್ ಖಾತೆಗೆ ನೇರ ಹೋಗಲಿ. ಖಾಲಿ ಮಾಡುವಾಗ ಅಡ್ವಾನ್ಸ್ ನಿಧಿಗೇ ಮರಳಬೇಕೆಂದು ಕರಾರಿನಲ್ಲಿ ಬರೆಸಿ. ಬರೆಸದಿದ್ದರೆ ನಿಧಿ ಮೊದಲ ಎರಡು ಮನೆಗೇ ಬತ್ತುತ್ತದೆ. ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದುಂಟು, ಆ ಕೊರತೆಯನ್ನು ಮೊದಲೇ ಲೆಕ್ಕಕ್ಕಿಡಿ.

ಹಂಚುವವರು ಯಾರೆಂಬುದೂ ಮುಖ್ಯ. ಯೆರೂಸಲೇಮಿನ ಸಭೆಯಲ್ಲಿ ದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರು ಬಿಟ್ಟುಹೋದರು. ಅಪೊಸ್ತಲರು ಮಾಡಿಸಿದ್ದು ಏಳು ಜನರ ನೇಮಕ, ಏಳೂ ಹೆಸರು ಗ್ರೀಕ್. ನಮ್ಮ ನಿಧಿಯ ಸಮಿತಿಯಲ್ಲಿ ಬಾಡಿಗೆ ಮನೆಯವರು ಎಷ್ಟು ಜನರಿದ್ದಾರೆ, ಎಣಿಸಿ ನೋಡಿ.