ಮುಳಬಾಗಿಲಿನ ಮಕ್ಕಳು, ಲೀಡ್ಸ್‌ನಲ್ಲಿ ಓದು

ಕೋಲಾರ ಜಿಲ್ಲೆಯಲ್ಲಿ ಇಂಗ್ಲಿಷ್ ಪಾಠ ಮಾಡುತ್ತಾ, ಒಂದು ಸಲ ಹೊರಗೆ ಹೋಗಿ ಓದಿ ಬರಬೇಕು ಅಂದುಕೊಂಡಿರುವ ಗೆಳೆಯರಿಗೆ, ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಟೆಸಾಲ್ ಎಂ.ಎ. (ಬೇರೆ ಮನೆಮಾತಿನವರಿಗೆ ಇಂಗ್ಲಿಷ್ ಕಲಿಸುವುದರ ಬಗೆಗಿನ ಪದವಿ) ಓದುತ್ತಿರುವ ನಾನು ಇದನ್ನು ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಯಾರೂ ನಿಮ್ಮ ಉಚ್ಚಾರಣೆ ತಿದ್ದುವುದಿಲ್ಲ. ಟೆಸಾಲ್ ಎಂ.ಎ. ಅಂದರೆ ದೊಡ್ಡ ಮಟ್ಟದ ಸ್ಪೋಕನ್ ಇಂಗ್ಲಿಷ್ ಕ್ಲಾಸ್ ಅಂತ ನಮ್ಮ ಕಡೆ ಬಹಳ ಜನ ತಿಳಿದಿದ್ದಾರೆ. ಮನೆಯಲ್ಲಿ ಬೇರೆ ಭಾಷೆ ಆಡುವ ಮಗು ಇಂಗ್ಲಿಷನ್ನು ಹೇಗೆ ಕಲಿಯುತ್ತದೆ, ಎಲ್ಲಿ ತಡವರಿಸುತ್ತದೆ, ನಾವು ಕೊಡುವ ಪರೀಕ್ಷೆ ನಿಜವಾಗಿ ಏನನ್ನು ಅಳೆಯುತ್ತದೆ, ಇದೇ ಇಲ್ಲಿನ ಓದು. ಒಂದು ವರ್ಷದ ಕೋರ್ಸ್, ಒಟ್ಟು 180 ಕ್ರೆಡಿಟ್. ಅದರಲ್ಲಿ 60 ಕೊನೆಯ ಪ್ರಬಂಧಕ್ಕೇ ಹೋಗುತ್ತದೆ.

ನನ್ನ ಕಣ್ಣು ತೆರೆಸಿದ್ದು ತಪ್ಪುಗಳ ಬಗ್ಗೆ ಓದಿದ ಪಾಠ. ಎಡಿನ್‌ಬರೋದಲ್ಲಿದ್ದ ಪಿಟ್ ಕಾರ್ಡರ್ ಅನ್ನುವ ಭಾಷಾವಿಜ್ಞಾನಿ 1967ರಲ್ಲಿ ಒಂದು ಲೇಖನ ಬರೆದರು. ಕಲಿಯುವವರ ತಪ್ಪು ಬರೀ ಅಳಿಸಿಹಾಕುವ ಕಸ ಅಲ್ಲ, ಅವರೊಳಗೆ ಭಾಷೆ ಹೇಗೆ ಕಟ್ಟಿಕೊಳ್ಳುತ್ತಿದೆ ಅನ್ನುವುದಕ್ಕೆ ಅದೇ ಸಾಕ್ಷಿ ಅನ್ನುವುದು ಅವರ ವಾದ. 'ಐ ಗೋಯ್ಡ್ ಟು ಮಾರ್ಕೆಟ್' ಅಂತ ಬರೆದ ಹುಡುಗನ ನೋಟ್‌ಬುಕ್ ನೆನಪಿಗೆ ತಂದುಕೊಳ್ಳಿ. ಆ 'ಗೋಯ್ಡ್' ಅವನಿಗೆ ಯಾರೂ ಹೇಳಿಕೊಟ್ಟಿದ್ದಲ್ಲ. ಪ್ಲೇಡ್, ವಾಕ್ಡ್ ಕೇಳಿ ಕೇಳಿ ನಿಯಮವನ್ನು ತಾನೇ ಕಂಡುಕೊಂಡಿದ್ದಾನೆ. ಇಂಗ್ಲಿಷೇ ಮನೆಮಾತಾಗಿರುವ ಪುಟ್ಟ ಮಕ್ಕಳೂ ಇದೇ ತಪ್ಪು ಮಾಡುತ್ತವೆ. ಹಾಗಿದ್ದ ಮೇಲೆ ನಮ್ಮ ಹುಡುಗನಿಗೆ 'ಮನೆಯಲ್ಲಿ ತೆಲುಗು, ಅದಕ್ಕೇ ಹೀಗೆ' ಅಂತ ಹಣೆಪಟ್ಟಿ ಹಚ್ಚುವುದು ಅನ್ಯಾಯ, ಅಲ್ವಾ?

ಇನ್ನೊಂದು ವಿಷಯ ಓದಿದಾಗ ಹೆಮ್ಮೆಯೂ ಆಯಿತು, ಹೊಟ್ಟೆಯಲ್ಲಿ ಸಂಕಟವೂ ಆಯಿತು. ಇಲ್ಲಿ ಟಾಸ್ಕ್ ಆಧಾರಿತ ಕಲಿಕೆ ಅಂತ ಶುರುವಾದರೆ ಮೊದಲು ಬರುವ ಹೆಸರುಗಳಲ್ಲಿ ಬೆಂಗಳೂರು ಒಂದು! ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್.ಎಸ್. ಪ್ರಭು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಕಡೆಯ ಶಾಲೆಗಳಲ್ಲಿ ಒಂದು ಪ್ರಯೋಗ ಮಾಡಿದರು. ವ್ಯಾಕರಣದ ಪಟ್ಟಿ ಬದಿಗಿಟ್ಟು, ಮಕ್ಕಳಿಗೆ ರೈಲಿನ ವೇಳಾಪಟ್ಟಿ, ನಕ್ಷೆ ಇಂಥವನ್ನು ಕೊಟ್ಟು, ಯೋಚಿಸಿ ಬಿಡಿಸುವ ಸಮಸ್ಯೆ ಇಡುತ್ತಿದ್ದರು. ಗಮನವೆಲ್ಲ ಸಮಸ್ಯೆಯ ಮೇಲಿದ್ದಾಗ ಭಾಷೆ ತಾನಾಗೇ ಒಳಗಿಳಿಯುತ್ತದೆ ಅನ್ನುವುದು ಅವರ ನಂಬಿಕೆ. ಇದರ ಮೇಲಿನ ಅವರ ಪುಸ್ತಕ ಬಂದಿದ್ದು 1987ರಲ್ಲಿ. ಜಗತ್ತಿನ ಮೂಲೆಮೂಲೆಯ ಇಂಗ್ಲಿಷ್ ಮೇಷ್ಟ್ರುಗಳು ಅದನ್ನು ಓದುತ್ತಾರೆ. ನನ್ನ ಚೀನೀ ಸಹಪಾಠಿ 'ನೀನು ಬೆಂಗಳೂರಿನ ಹತ್ತಿರದವಳಲ್ವಾ, ಆ ಶಾಲೆಗಳು ಈಗ ಹೇಗಿವೆ?' ಅಂತ ಕೇಳುತ್ತಾಳೆ. ಅಲ್ಲಿಂದ ಎರಡು ಗಂಟೆಯ ದಾರಿಯಲ್ಲಿ ಬಿ.ಎಡ್. ಮಾಡಿದವಳು ನಾನು, ನಮ್ಮ ತರಗತಿಯಲ್ಲಿ ಪ್ರಭು ಅವರ ಹೆಸರನ್ನೇ ಯಾರೂ ಎತ್ತಿರಲಿಲ್ಲ.

ನನ್ನ ಪ್ರಬಂಧ ಹುಟ್ಟಿದ್ದೇ ಇಲ್ಲಿಂದ. ಮುಳಬಾಗಿಲು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಪಾಠ ಮಾಡುವ ಗೆಳತಿ, ಪೋಷಕರ ಒಪ್ಪಿಗೆ ಪತ್ರ ತೆಗೆದುಕೊಂಡು (ಅದಿಲ್ಲದೆ ಇಲ್ಲಿ ಒಂದು ಸಾಲೂ ಬಳಸುವ ಹಾಗಿಲ್ಲ, ಅದು ಸರಿಯಾದ ನಿಯಮವೇ) ತನ್ನ ತರಗತಿಯನ್ನು ರೆಕಾರ್ಡ್ ಮಾಡಿ ಕಳಿಸಿದಳು. ಮಕ್ಕಳಿಗೆ ಕೊಟ್ಟಿದ್ದ ಕೆಲಸ ಸರಳ. ಅಜ್ಜಿಯನ್ನು ಕರೆದುಕೊಂಡು ಒಂಬತ್ತೂವರೆಗೆ ಕೋಲಾರದ ಆಸ್ಪತ್ರೆಯಲ್ಲಿರಬೇಕು. ಎಂಟಕ್ಕೊಂದು ಬಸ್ಸು, ಎಂಟೂವರೆಗೊಂದು ಬಸ್ಸು, ದಾರಿ ಒಂದು ಗಂಟೆ. ಯಾವುದನ್ನು ಹತ್ತಬೇಕು?

ಹೆಡ್‌ಫೋನ್ ಹಾಕಿಕೊಂಡು ಆ ತುಣುಕನ್ನು ಮತ್ತೆ ಮತ್ತೆ ಕೇಳಿದ್ದೇನೆ. ಒಬ್ಬಳು ಪಿಸುಗುಟ್ಟುತ್ತಾಳೆ, 'ಎನಿಮಿದಿನ್ನರಕಿ ಪೋತೇ ಸರಿಪೋತುಂದಿ ಕದಾ?' (ಎಂಟೂವರೆಗೆ ಹೋದರೆ ಸಾಕಲ್ವಾ?) ಇನ್ನೊಬ್ಬ, 'ಲೇದುರಾ, ಗಂಟ ಪಡ್ತುಂದಿ.' (ಇಲ್ಲ, ಒಂದು ಗಂಟೆ ಹಿಡಿಯುತ್ತೆ.) ಹಿಂದಿನ ಬೆಂಚಿನಿಂದ ಕನ್ನಡ ಬರುತ್ತದೆ, 'ಬಸ್‌ಸ್ಟ್ಯಾಂಡಿಂದ ನಡೀಬೇಕಲ್ವಾ, ಅಜ್ಜಿ ಬೇರೆ!' ಸ್ವಲ್ಪ ಹೊತ್ತು ಗದ್ದಲ. ಆಮೇಲೆ ಆ ಮೊದಲ ಹುಡುಗಿಯೇ ಎದ್ದು ನಿಂತು, 'ಮಿಸ್, ಏಟ್ ತರ್ಟಿ ಬಸ್ ನೋ. ಏಟ್ ಓ ಕ್ಲಾಕ್ ಬಸ್. ಬಿಕಾಸ್ ಗ್ರ್ಯಾಂಡ್‌ಮದರ್ ವಾಕಿಂಗ್ ಸ್ಲೋ.'

ಇಂಗ್ಲಿಷಿನಲ್ಲಿ ಕಾರಣ ಕೊಟ್ಟಳು. ಯಾರೂ ಬೋರ್ಡಿನ ಮೇಲೆ ಬರೆದುಕೊಟ್ಟಿರಲಿಲ್ಲ. ಬರೀ ಎಸ್, ನೋ ಅಂದು ಕೂರಬಹುದಿತ್ತು, ಕೂರಲಿಲ್ಲ. ತೆಲುಗಿನಲ್ಲಿ ಲೆಕ್ಕ ಹಾಕಿ, ಕನ್ನಡದಲ್ಲಿ ಬಂದ ತಕರಾರನ್ನು ಕಿವಿಗೆ ಹಾಕಿಕೊಂಡು, ಇಂಗ್ಲಿಷಿನಲ್ಲಿ ತೀರ್ಮಾನ ಹೇಳಿದ ಈ ಮಗುವಿಗೆ ನಮ್ಮಲ್ಲಿ ಕೆಲವು ಶಾಲೆಗಳು ಮನೆಮಾತು ಆಡಿದ್ದಕ್ಕೆ ದಂಡ ಹಾಕುತ್ತವೆ. ನನಗೆ ಇದು ಸಿಟ್ಟು ತರಿಸುತ್ತದೆ. ಕೆನ್ ವಿಲಿಯಮ್ಸ್ ಅನ್ನುವ ಶಿಕ್ಷಣತಜ್ಞರು 1990ರ ದಶಕದಲ್ಲೇ ವೇಲ್ಸ್‌ನ ಶಾಲೆಗಳಲ್ಲಿ ಒಂದು ಭಾಷೆಯಲ್ಲಿ ಓದಿ ಇನ್ನೊಂದರಲ್ಲಿ ಬರೆಯುವ ಪದ್ಧತಿಯ ಬಗ್ಗೆ ಬರೆದಿದ್ದರು. ಈಗ ಅದೇ ಒಂದು ದೊಡ್ಡ ಚರ್ಚೆಯಾಗಿ ಬೆಳೆದಿದೆ.

ಹಾಗಂತ ಟೀಚರ್ ಪ್ರತಿ ಸಾಲನ್ನೂ ಕನ್ನಡಕ್ಕೆ ತಿರುಗಿಸಿ ಹೇಳುವುದನ್ನು ನಾನು ಒಪ್ಪುವುದಿಲ್ಲ. ಆಗ ಮಕ್ಕಳು ಕನ್ನಡ ಬರುವವರೆಗೆ ಕಾಯುತ್ತಾರೆ, ಇಂಗ್ಲಿಷ್ ಕಿವಿಗೇ ಬೀಳುವುದಿಲ್ಲ. ಪ್ರಭು ಅವರೊಂದಿಗೂ ನನಗೆ ಒಂದು ಭಿನ್ನಾಭಿಪ್ರಾಯ ಇದೆ. ಮಕ್ಕಳು ಮಕ್ಕಳೇ ಮಾತಾಡಿಕೊಂಡರೆ ಒಬ್ಬರ ತಪ್ಪು ಇನ್ನೊಬ್ಬರಲ್ಲಿ ಗಟ್ಟಿಯಾಗುತ್ತದೆ ಅಂತ ಅವರು ಗುಂಪು ಕೆಲಸಕ್ಕಿಂತ ಒಬ್ಬೊಬ್ಬರೇ ಮಾಡುವುದಕ್ಕೆ ಒತ್ತು ಕೊಟ್ಟರು. ಆ ಹುಡುಗಿಯ ಪಕ್ಕ ಜಗಳಕ್ಕೆ ಯಾರೂ ಇಲ್ಲದಿದ್ದರೆ ಅಜ್ಜಿಯ ನಡಿಗೆ ಅವಳ ಲೆಕ್ಕಕ್ಕೇ ಬರುತ್ತಿರಲಿಲ್ಲ ಅಂತ ನಾನು ಪ್ರಬಂಧದಲ್ಲಿ ಬರೆಯುತ್ತಿದ್ದೇನೆ.

ಇಲ್ಲಿನ ಬದುಕಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಮನಸ್ಸು ಕುಗ್ಗುತ್ತದೆ. ಟರ್ಮ್ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೆಲಸ ಮಾಡಲು ವೀಸಾ ಬಿಡುವುದಿಲ್ಲ, ಹಾಗಾಗಿ ದುಡಿದುಕೊಂಡೇ ಓದುತ್ತೇನೆ ಅನ್ನುವ ಲೆಕ್ಕ ಬೇಡ.

ದುಡ್ಡಿನ ವಿಷಯ ಮಾತ್ರ ಬಿಡಿಸಿ ಹೇಳಬೇಕು. ಫೀಸು, ಊಟ, ಬಾಡಿಗೆ ಎಲ್ಲ ಸೇರಿ 30 ಲಕ್ಷ ದಾಟುತ್ತದೆ. ಜಮೀನು ಅಡ ಇಟ್ಟು ಈ ಕೋರ್ಸಿಗೆ ಬರಬೇಡಿ. ಬ್ರಿಟಿಷ್ ಸರ್ಕಾರ ಕೊಡುವ ಚೀವನಿಂಗ್ ವಿದ್ಯಾರ್ಥಿವೇತನಕ್ಕೆ ಪ್ರಯತ್ನಿಸಿ. ಅದಕ್ಕೆ ಕನಿಷ್ಠ 2 ವರ್ಷದ ಕೆಲಸದ ಅನುಭವ ಬೇಕು, ಮುಗಿದ ಮೇಲೆ ನಮ್ಮ ದೇಶಕ್ಕೆ ವಾಪಸ್ ಬಂದು 2 ವರ್ಷ ಇರಬೇಕು. ಪಾಠ ಮಾಡುವ ಕೈಪಳಗಿಸಿಕೊಳ್ಳುವುದಷ್ಟೇ ಗುರಿಯಾದರೆ ಎಂ.ಎ. ಅದಕ್ಕೆ ತಕ್ಕದ್ದಲ್ಲ, ಹೆಚ್ಚಿನ ಕಡೆ ತರಗತಿ ಅಭ್ಯಾಸವೇ ಇರುವುದಿಲ್ಲ. ಸೆಲ್ಟಾ ಅಂತ ಇಂಗ್ಲಿಷ್ ಮೇಷ್ಟ್ರುಗಳಿಗೆ 120 ಗಂಟೆಯ ತರಬೇತಿ ಕೋರ್ಸ್ ಇದೆ, ಅದರಲ್ಲಿ 6 ಗಂಟೆ ನಿಜವಾದ ಕಲಿಯುವವರ ಮುಂದೆ ನಿಂತು ಪಾಠ ಮಾಡಬೇಕು. ಇನ್ನು ಹತ್ತಿರದಲ್ಲೇ ಬೇಕೆಂದರೆ ಹೈದರಾಬಾದಿನ ಇಫ್ಲೂ (ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯ) ಇದೆ. ಸರ್ಕಾರಿ ಶಾಲೆಯಲ್ಲಿರುವವರಿಗೆ ಬೆಂಗಳೂರಿನ ಜ್ಞಾನಭಾರತಿಯಲ್ಲಿ 1963ರಿಂದ ಇರುವ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ತರಬೇತಿಗಳಿವೆ.

ನನ್ನ ಪ್ರಬಂಧ ಇನ್ನೂ ಬರೆಯುವ ಹಂತದಲ್ಲಿದೆ. ಶ್ರೀನಿವಾಸಪುರ, ಬಂಗಾರಪೇಟೆ, ಮಾಲೂರು ಕಡೆ ಇಂಗ್ಲಿಷ್ ತೆಗೆದುಕೊಳ್ಳುವವರು ಯಾರಾದರೂ ಈ ಬಸ್ಸಿನ ಲೆಕ್ಕವನ್ನೇ ನಿಮ್ಮ ಎಂಟನೇ ತರಗತಿಗೆ ಕೊಟ್ಟು ನೋಡಿ, ಊರಿನ ಹೆಸರು ಬದಲಿಸಿಕೊಳ್ಳಿ ಸಾಕು. ಮಕ್ಕಳು ಯಾವ ಯಾವ ಭಾಷೆಯಲ್ಲಿ ವಾದ ಮಾಡಿದರು, ಕೊನೆಗೆ ಇಂಗ್ಲಿಷಿನಲ್ಲಿ ಏನಂದರು ಅಂತ ನನಗೆ ಬರೆದು ಕಳಿಸಿ. ತಪ್ಪುಗಳನ್ನು ತಿದ್ದಬೇಡಿ, ಅವರು ಹೇಳಿದ ಹಾಗೇ ಇರಲಿ.