ಮುಕ್ಕಾಲು ಬಂತು, ಅರ್ಧ ಬರಬೇಕಿತ್ತು

ಸೆಕೆಂಡ್ ಪಿಯುಸಿಗೆ ಮ್ಯಾಥ್ಸ್ ಹೇಳಿಕೊಡುವುದು ನನ್ನ ಕೆಲಸ. ಇಂಟಿಗ್ರಲ್ಸ್ ಶುರುವಾಯಿತು ಅಂದರೆ ಫಾರ್ಮುಲಾ ಬಾಯಿಪಾಠದ ಸೀಸನ್ ಬಂತು ಅಂತಲೇ ಲೆಕ್ಕ. ಕೆಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಒಂದಕ್ಕೆ 80 ಸೆಕೆಂಡು. ಅಷ್ಟರಲ್ಲಿ ಡಿರೈವ್ ಮಾಡುತ್ತಾ ಕೂತರೆ ಕಥೆ ಮುಗಿಯಿತು ಅನ್ನೋದು ಮ್ಯಾನೇಜ್‌ಮೆಂಟ್ ವಾದ. ಹಾಗಾಗಿ ಕ್ರ್ಯಾಶ್ ಬ್ಯಾಚಿನ ಲೆಸನ್ ಪ್ಲಾನ್‌ನಲ್ಲಿ 'ಮೆಮೊರಿ ಟ್ರಿಕ್' ಅಂತಲೇ ಒಂದು ಕಾಲಂ ಇದೆ. ಖಾಲಿ ಬಿಟ್ಟರೆ ಕೋಆರ್ಡಿನೇಟರ್ ಕೆಂಪು ಇಂಕಿನಲ್ಲಿ ಸುತ್ತು ಹಾಕಿ ವಾಪಸ್ ಕಳಿಸುತ್ತಾರೆ.

ನಾನೇನೂ ಟ್ರಿಕ್ ವಿರೋಧಿ ಅಲ್ಲ. ಯಾವ ಕ್ವಾಡ್ರಂಟ್‌ನಲ್ಲಿ ಯಾವುದು ಪಾಸಿಟಿವ್ ಅನ್ನೋದಕ್ಕೆ ಇಂಗ್ಲಿಷ್‌ನ 'ಆಲ್ ಸಿಲ್ವರ್ ಟೀ ಕಪ್ಸ್' ಬಿಟ್ಟು 'ಎಲ್ಲರಿಗೂ ಸಾರ್ ಟೀ ಕಾಫಿ' ಅಂತ ಹೇಳಿಕೊಟ್ಟೆ. ಮೊದಲನೆಯದರಲ್ಲಿ ಎಲ್ಲವೂ, ಆಮೇಲೆ ಸೈನ್, ಟ್ಯಾನ್, ಕಾಸ್. ಕನ್ನಡ ಮೀಡಿಯಂನಿಂದ ಬಂದ ಮಕ್ಕಳು ಒಂದೇ ಸಲಕ್ಕೆ ಹಿಡಿದುಕೊಂಡರು. ಸೈನ್ ಟೇಬಲ್ಲಿಗೂ ಒಂದು ಒಳ್ಳೆ ದಾರಿ ಇದೆ: 0, 30, 45, 60, 90 ಡಿಗ್ರಿಗೆ ಸಾಲಾಗಿ ರೂಟ್ 0, ರೂಟ್ 1, ರೂಟ್ 2, ರೂಟ್ 3, ರೂಟ್ 4 ಬರೆದು ಎಲ್ಲದಕ್ಕೂ ಕೆಳಗೆ 2 ಹಾಕಿದರೆ ಮುಗೀತು. ಇವು ಯಾವತ್ತೂ ಕೈ ಕೊಡುವುದಿಲ್ಲ.

ಕೈ ಕೊಟ್ಟಿದ್ದು ಐಲೇಟ್.

ಎರಡು ಫಂಕ್ಷನ್‌ಗಳ ಗುಣಲಬ್ಧವನ್ನು ಬೈ ಪಾರ್ಟ್ಸ್ ಇಂಟಿಗ್ರೇಟ್ ಮಾಡುವಾಗ ಯಾವುದನ್ನು ಫಸ್ಟ್ ಫಂಕ್ಷನ್ ತಗೋಬೇಕು ಅನ್ನೋದಕ್ಕೆ ಇನ್ವರ್ಸ್ ಟ್ರಿಗ್, ಲಾಗ್, ಆಲ್ಜೀಬ್ರಾ, ಟ್ರಿಗ್, ಎಕ್ಸ್‌ಪೊನೆನ್ಷಿಯಲ್ ಅನ್ನೋ ಸಾಲು, ಇಂಗ್ಲಿಷ್ ಮೊದಲಕ್ಷರ ಸೇರಿಸಿದರೆ ಐಲೇಟ್ (ILATE). ಇದನ್ನು ಮಕ್ಕಳು ನಿದ್ದೆಗಣ್ಣಿನಲ್ಲೂ ಹೇಳುತ್ತಾರೆ. ಅಬ್ಸರ್ವೇಶನ್ ದಿನ ಕೋಆರ್ಡಿನೇಟರ್ ಹಿಂದಿನ ಬೆಂಚಿನಲ್ಲಿ ಫಾರ್ಮ್ ಹಿಡಿದು ಕೂತಿದ್ದರು. ತೋರಿಸಿಕೊಳ್ಳೋಣ ಅಂತ ಕ್ಲಾಸಿನ ಟಾಪರ್ ಹುಡುಗಿಯನ್ನೇ ಬೋರ್ಡಿಗೆ ಕರೆದೆ. ಲೆಕ್ಕ: ಎಕ್ಸ್ ಕ್ಯೂಬ್ ಇನ್‌ಟು ಇ ಪವರ್ ಎಕ್ಸ್ ಸ್ಕ್ವೇರ್. ಅವಳು ಒಂದು ಕ್ಷಣ ನಿಂತಳು. ಆ ನಿಲ್ಲುವಿಕೆಯೇ ಸರಿಯಾಗಿತ್ತು, ಬಿಟ್ಟಿದ್ದರೆ ಏನಾದರೂ ಹೊಳೀತಿತ್ತೇನೋ. ನಾನು ಬಿಡಲಿಲ್ಲ. 'ಐಲೇಟ್ ಏನು ಹೇಳುತ್ತಮ್ಮ?' ಅಂದೆ, ಹಿಂದಿನ ಬೆಂಚಿಗೆ ಕೇಳುವ ಹಾಗೆ.

ಆಲ್ಜೀಬ್ರಾ ಫಸ್ಟ್, ಎಕ್ಸ್‌ಪೊನೆನ್ಷಿಯಲ್ ಸೆಕೆಂಡ್. ಎಕ್ಸ್ ಕ್ಯೂಬ್ ಫಸ್ಟ್ ಅಂತ ಬರೆದಳು. ಈಗ ಇ ಪವರ್ ಎಕ್ಸ್ ಸ್ಕ್ವೇರನ್ನು ಇಂಟಿಗ್ರೇಟ್ ಮಾಡಬೇಕು. ಅದಕ್ಕೆ ನಮಗೆ ಗೊತ್ತಿರುವ ಫಂಕ್ಷನ್‌ಗಳಲ್ಲಿ ಉತ್ತರವೇ ಇಲ್ಲ. ಫ್ರಾನ್ಸಿನ ಗಣಿತಜ್ಞ ಲಿಯೊವಿಲ್ 19ನೇ ಶತಮಾನದಲ್ಲೇ ಅಂಥವುಗಳ ಹಣೆಬರಹ ಬರೆದು ಹೋಗಿದ್ದಾರೆ. ಅವಳು ಮಾತ್ರ ಇ ಪವರ್ 2ಎಕ್ಸ್‌ಗೆ ಕೆಳಗೆ 2 ಹಾಕುವ ಅಭ್ಯಾಸದಲ್ಲಿ ಇಲ್ಲಿ ಕೆಳಗೆ 2ಎಕ್ಸ್ ಹಾಕಿದಳು. ನಾನು ಫಾರ್ಮಿನ ಮೇಲೆ ಓಡುತ್ತಿದ್ದ ಪೆನ್ ನೋಡುತ್ತಾ 'ಹ್ಞೂಂ, ಮುಂದೆ' ಅಂದುಬಿಟ್ಟೆ.

ಆಮೇಲಿನದೆಲ್ಲ ಬೆಣ್ಣೆಯ ಹಾಗೆ ಜಾರಿತು. ಎಕ್ಸ್ ಸ್ಕ್ವೇರ್ ಬೈ 2 ಮೈನಸ್ ಮುಕ್ಕಾಲು, ಇನ್‌ಟು ಇ ಪವರ್ ಎಕ್ಸ್ ಸ್ಕ್ವೇರ್, ಪ್ಲಸ್ ಸಿ. ಚಪ್ಪಾಳೆ ಬೇರೆ ಬಿತ್ತು.

'ಸಾರ್, ನಂಗೆ ಅರ್ಧ ಬಂತು.' ಕಿಟಕಿ ಪಕ್ಕದ ಹುಡುಗ. ಐಲೇಟ್ ಕೇಳಿದರೆ ಯಾವಾಗಲೂ ತಡವರಿಸುವವನು.

ಕೂತ್ಕೋ, ಮತ್ತೆ ಚೆಕ್ ಮಾಡು ಅಂದೆ. ಕೂತ. ಮತ್ತೆ ಎದ್ದ. 'ಎಕ್ಸ್ ಸ್ಕ್ವೇರನ್ನ ಟಿ ಅಂತ ಇಟ್ಟೆ ಸಾರ್.' ಅಷ್ಟು ಹೊತ್ತಿಗೆ ನನಗೂ ಬೆವರು ಬಂದಿತ್ತು, ಯಾಕಂದ್ರೆ ಅವನು ಹೇಳಿದ ಕ್ಷಣವೇ ನನಗೆ ಆ 2ಎಕ್ಸ್ ಕಾಣಿಸಿತು. ಎಕ್ಸನ್ನು ಕಾನ್‌ಸ್ಟಂಟ್ ಥರ ಕೆಳಗೆ ಹಾಕೋಕೆ ಆಗಲ್ಲ ಅಂತ ನಾನೇ ಹಿಂದಿನ ವಾರ ಬಡಕೊಂಡಿದ್ದೆ. ಆದರೂ ಬೋರ್ಡ್ ಒರೆಸಿ ಬೇರೆ ಲೆಕ್ಕಕ್ಕೆ ಹೋಗಿಬಿಡೋಣ ಅಂತ ಡಸ್ಟರ್ ಎತ್ತಿಕೊಂಡಿದ್ದೂ ನಿಜ. ಹುಡುಗಿ ತಡೆದಳು. 'ಡಿಫರೆನ್ಷಿಯೇಟ್ ಮಾಡಿ ನೋಡೋಣ ಸಾರ್' ಅಂತ ತನ್ನ ಉತ್ತರವನ್ನೇ ತಿರುಗಿಸಿದಳು. ಎಕ್ಸ್ ಕ್ಯೂಬ್ ಬಂತು, ಜೊತೆಗೆ ಮೈನಸ್ ಅರ್ಧ ಎಕ್ಸ್ ಇನ್‌ಟು ಅದೇ ಇ ಪವರ್ ಬಾಲದ ಥರ ಉಳಿಯಿತು. ಮುಕ್ಕಾಲಿನ ಜಾಗದಲ್ಲಿ ಅರ್ಧ ಹಾಕಿದಳು. ಬಾಲ ಹೋಯಿತು.

ಐಲೇಟ್ ಯಾವುದು ಫಸ್ಟ್ ಅಂತ ಹೇಳುತ್ತೆ ಅಷ್ಟೆ. ಸೆಕೆಂಡ್ ಫಂಕ್ಷನ್ ಇಂಟಿಗ್ರೇಟ್ ಆಗುತ್ತಾ, ಅದಕ್ಕೂ ಮೊದಲು ಸಬ್‌ಸ್ಟಿಟ್ಯೂಷನ್ ಬೇಕಾ ಅಂತ ಹೇಳಲ್ಲ. 1983ರಲ್ಲಿ ಹರ್ಬರ್ಟ್ ಕಸೂಬೆ ಅನ್ನುವವರು ಅಮೆರಿಕದ ಗಣಿತ ಪತ್ರಿಕೆಯೊಂದರಲ್ಲಿ ಇದನ್ನೇ ಲಿಯೇಟ್ ಅಂತ ಲಾಗ್ ಮುಂದೆ ಮಾಡಿ ಪುಟ್ಟ ಟಿಪ್ಪಣಿ ಬರೆದಿದ್ದರು. ಅದನ್ನು ಶಾಸನ ಮಾಡಿಕೊಂಡವರು ನಾವು.

ಈಗ ನನ್ನ ಕ್ಲಾಸಿನಲ್ಲಿ ಬಾಯಿಪಾಠ ಇದೆ, ಆದರೆ ಖಾಲಿ ಹಾಳೆಯ ಮೇಲೆ. ಪುಸ್ತಕ ಮುಚ್ಚಿ ಬರೀರಿ, ಬರೆದದ್ದನ್ನು ಡಿಫರೆನ್ಷಿಯೇಟ್ ಮಾಡಿ ನೀವೇ ತಿದ್ದಿಕೊಳ್ಳಿ. ಎಲ್ಲರೂ ಅದಲು ಬದಲು ಮಾಡುವ ಜೋಡಿ ಒಂದಿದೆಯಲ್ಲ, 1 ಬೈ ಎಕ್ಸ್ ಸ್ಕ್ವೇರ್ ಮೈನಸ್ ಎ ಸ್ಕ್ವೇರ್ ಮತ್ತು ಅದರ ಉಲ್ಟಾ? ಅದಕ್ಕೆ ಕಥೆ ಕಟ್ಟುವುದನ್ನೇ ಬಿಟ್ಟೆ. ಎಕ್ಸ್ ಸೊನ್ನೆ ಇಟ್ಟು ನೋಡಿ. 1 ಬೈ ಎ ಸ್ಕ್ವೇರ್ ಮೈನಸ್ ಎಕ್ಸ್ ಸ್ಕ್ವೇರ್ ಅಲ್ಲಿ ಪಾಸಿಟಿವ್, ಅಂದರೆ ಉತ್ತರ ಏರುತ್ತಿರಬೇಕು. ಲಾಗ್ ಒಳಗೆ ಎ ಪ್ಲಸ್ ಎಕ್ಸ್ ಮೇಲಿದ್ದು ಎ ಮೈನಸ್ ಎಕ್ಸ್ ಕೆಳಗಿದ್ದರೆ ಮಾತ್ರ ಅದು ಏರುತ್ತೆ. 80 ಸೆಕೆಂಡಿನಲ್ಲಿ ಇದಕ್ಕೆ ಹತ್ತು ಸಾಕು. ಉತ್ತರ ಆಪ್ಷನ್‌ನಲ್ಲೇ ಇರುವಾಗ ತಿರುಗಿಸಿ ನೋಡುವುದು ಇನ್ನೂ ಸುಲಭ, ಅಲ್ವಾ?

ಅಬ್ಸರ್ವೇಶನ್ ಫಾರ್ಮ್ ವಾರದ ಮೇಲೆ ಕೈಗೆ ಬಂತು. 'ಮೆಮೊರಿ ಟ್ರಿಕ್ ಬಳಕೆ ಉತ್ತಮ' ಅಂತ ಬರೆದು ಐದಕ್ಕೆ ಐದು ಕೊಟ್ಟಿದ್ದಾರೆ! ಅಷ್ಟಕ್ಕೇ ನಿಲ್ಲಲಿಲ್ಲ, ಎಲ್ಲ ಸೆಕ್ಷನ್‌ಗೂ ಲ್ಯಾಮಿನೇಟ್ ಮಾಡಿದ ಚಾರ್ಟ್ ತಗಲಿ ಹಾಕಿಸಿದರು. ಯಾರೋ ನೆಟ್‌ನಿಂದ ಇಳಿಸಿಕೊಂಡಿದ್ದು, ಅದರಲ್ಲಿ ಲಿಯೇಟ್ ಇದೆ, ನೋಟ್ಸ್‌ನಲ್ಲಿ ಐಲೇಟ್ ಇದೆ. ಯಾವುದು ಸರಿ ಸಾರ್ ಅಂತ ಮಕ್ಕಳು ಸ್ಟಾಫ್ ರೂಮ್ ತನಕ ಬರುತ್ತಾರೆ. ಯಾವುದಾದರೂ ನಡೆಯುತ್ತೆ ಕಣ್ರೋ, ಲಾಗೂ ಇನ್ವರ್ಸೂ ಒಟ್ಟಿಗೆ ಬರುವ ಲೆಕ್ಕ ನಿಮಗೆ ಸಿಗೋದೇ ಅಪರೂಪ.