ಪದ್ಮಿನಿಯಲ್ಲಿ ಬೀದರ್‌ಗೆ: ಟಾಕಿ ತುಂಬಾ ಪೆಟ್ರೋಲ್, ಎಂಜಿನ್‌ಗೆ ಮಾತ್ರ ಇಲ್ಲ

ಕಲಬುರಗಿಯಿಂದ ಬೀದರ್‌ಗೆ ಸುಮಾರು 110 ಕಿಲೋಮೀಟರ್. ಈಗಿನ ಕಾರಿನಲ್ಲಿ ಎರಡೂವರೆ ಗಂಟೆಯ ದಾರಿ. ಅಪ್ಪ ಬಿಟ್ಟುಹೋದ 1986ರ ಪ್ರೀಮಿಯರ್ ಪದ್ಮಿನಿಯಲ್ಲಿ ನಮಗೆ ಏಳು ಗಂಟೆ ಹಿಡಿಯಿತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ರಸ್ತೆ ಬದಿಯಲ್ಲಿ ಬಾನೆಟ್ ಎತ್ತಿಕೊಂಡು ನಿಂತದ್ದೇ. ಹಳೆ ಗಾಡಿ ತಗೊಂಡು ಈ ಕಡೆ ಬರುವವರಿಗೆ ಆ ಹೊತ್ತಾದರೂ ಉಳಿಯಲಿ ಅಂತ ಬರೆಯುತ್ತಿದ್ದೇನೆ.

ಏಪ್ರಿಲ್ ತಿಂಗಳು. ಹೊರಡುವ ಮುಂಚಿನ ವಾರ ಎಂಜಿನ್ ಆಯಿಲ್ ಬದಲಿಸಿದೆ, ಪ್ಲಗ್ ಉಜ್ಜಿದೆ, ಪಾಯಿಂಟ್ ಸರಿ ಮಾಡಿಸಿದೆ. ಪೆಟ್ರೋಲ್ ಟಾಕಿಯ ಹಳೆ ಮುಚ್ಚಳ ಸಡಿಲಾಗಿತ್ತು, ಅದಕ್ಕೆ ಬೀಗ ಇರುವ ಹೊಸದೊಂದು ತಂದು ಹಾಕಿದೆ. ಊರೊಳಗೆ ಎರಡು ಮೂರು ದಿನ ಓಡಿಸಿ ನೋಡಿದೆ, ಏನೂ ತೊಂದರೆ ಇರಲಿಲ್ಲ. ಬೆಳಿಗ್ಗೆ ಐದೂವರೆಗೆ ಟಾಕಿ ಫುಲ್ ಮಾಡಿಸಿಕೊಂಡು ಕಾಕಾನ ಜೊತೆ ಹೊರಟೆ.

ಕಮಲಾಪುರ ಇನ್ನೇನು ಬಂತು ಅನ್ನುವಾಗ ಗಾಡಿ ಉಸಿರು ಕಟ್ಟಿದ ಹಾಗೆ ಮಾಡಿತು. ಎಕ್ಸಲರೇಟರ್ ಒತ್ತಿದಷ್ಟೂ ಸ್ಪೀಡ್ ಇಳಿಯಿತು. ಎರಡು ಸಲ ಜಗ್ಗಿ ನಿಂತೇ ಹೋಯಿತು. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತೆ, ಹತ್ತಿಕೊಳ್ಳಲ್ಲ.

"ತಮ್ಮಾ, ಪಂಪ್ ಕಾದದ. ಹಸಿ ಅರಿವಿ ಹಾಕು," ಅಂದರು ಕಾಕಾ.

ಹಳೆ ಡ್ರೈವರ್‌ಗಳೆಲ್ಲ ಹೇಳುವ ಮದ್ದು ಇದು. ಪದ್ಮಿನಿಯಂಥ ಗಾಡಿಯಲ್ಲಿ ಪೆಟ್ರೋಲ್ ಪಂಪ್ ಎಂಜಿನ್‌ಗೇ ಅಂಟಿಕೊಂಡಿರುತ್ತೆ. ಎಂಜಿನ್ ಬಿಸಿಗೆ ಪಂಪ್‌ನಲ್ಲೋ ಪೈಪ್‌ನಲ್ಲೋ ಪೆಟ್ರೋಲ್ ಆವಿಯಾದರೆ ಪಂಪ್ ಆ ಆವಿಯನ್ನೇ ಒತ್ತುತ್ತಾ ಕೂರುತ್ತೆ, ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬುರೇಟರ್‌ಗೆ ಪೆಟ್ರೋಲ್ ಹೋಗಲ್ಲ. ಇದಕ್ಕೆ ವೇಪರ್ ಲಾಕ್ ಅಂತಾರೆ. ಹಸಿ ಬಟ್ಟೆ ಹಾಕಿ ಇಪ್ಪತ್ತು ನಿಮಿಷ ಕಾದೆವು. ಗಾಡಿ ಸ್ಟಾರ್ಟ್ ಆಯಿತು. ಕಾಕಾ ಮೀಸೆ ತಿರುವಿದರು.

ಹದಿನೈದು ಕಿಲೋಮೀಟರ್ ಹೋಗುವಷ್ಟರಲ್ಲಿ ಮತ್ತೆ ಅದೇ ಕಥೆ. ಆಗಲಾದರೂ ನನಗೆ ಹೊಳೆಯಬೇಕಿತ್ತು. ಬೆಳಗಿನ ಏಳು ಗಂಟೆ, ತಣ್ಣನೆ ಗಾಳಿ, ಗಾಡಿ ಓಡುತ್ತಾ ಇದೆ. ಆವಿ ಕಟ್ಟುವ ಹೊತ್ತಾ ಅದು? ಆದರೆ ತಲೆಯಲ್ಲಿ ಒಂದು ಕಾರಣ ಕೂತುಬಿಟ್ಟರೆ ಬೇರೇನೂ ಕಾಣಲ್ಲ. ಫಿಲ್ಟರ್ ಬದಲಿಸಿದೆ. ಕಾರ್ಬುರೇಟರ್ ಬಿಚ್ಚಿ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ತುಂಡು, ಊದಿದೆ. ಅದರಲ್ಲೇ ಒಂದೂವರೆ ಗಂಟೆ ಹೋಯಿತು, ಒಂದು ಸಣ್ಣ ಸ್ಕ್ರೂ ಹುಲ್ಲಿನಲ್ಲಿ ಬಿದ್ದು ಹುಡುಕಿದ್ದೂ ಸೇರಿ. ಪ್ರತಿ ಸಲ ಕೆಲಸ ಮುಗಿಸಿದ ಮೇಲೆ ಗಾಡಿ ಹತ್ತಿಕೊಳ್ಳುತ್ತಿತ್ತು, ಸ್ವಲ್ಪ ದೂರ ಹೋಗಿ ನಿಲ್ಲುತ್ತಿತ್ತು. ದಾರಿ ಬೇರೆ ಏರು. ಬೀದರ್ ಕಲಬುರಗಿಗಿಂತ ಸುಮಾರು 200 ಮೀಟರ್ ಎತ್ತರದಲ್ಲಿದೆ.

ಹೀಗೇ ಕುಂಟುತ್ತಾ ಹುಮನಾಬಾದ್ ಸೇರಿದೆವು. ಹೈದರಾಬಾದ್–ಸೊಲ್ಲಾಪುರ ಹೆದ್ದಾರಿ ಸೇರುವ ಊರು, ಗ್ಯಾರೇಜ್‌ಗಳಿಗೆ ಕೊರತೆ ಇಲ್ಲ. ವಯಸ್ಸಾದ ಮಿಸ್ತ್ರಿಯೊಬ್ಬರು ಬಾನೆಟ್ ಕಡೆ ತಿರುಗಿಯೂ ನೋಡಲಿಲ್ಲ. ನೇರ ಹಿಂದಕ್ಕೆ ಹೋಗಿ ಕೀಲಿ ಕೇಳಿದರು, ಟಾಕಿ ಮುಚ್ಚಳ ತಿರುಗಿಸಿದರು. ಸುಸ್ಸ್ ಅಂತ ಗಾಳಿ ಒಳಗೆ ಎಳೆದುಕೊಂಡಿತು.

"ಪಂಪ್ ಛಲೋ ಅದ ಸಾಹೇಬ್ರ. ಟಾಕಿಗಿ ಉಸ್ರಾಡ್ಲಾಕ ಜಾಗಾನೇ ಇಲ್ಲ," ಅಂದರು.

ಪೆಟ್ರೋಲ್ ಖಾಲಿಯಾದಷ್ಟು ಜಾಗಕ್ಕೆ ಟಾಕಿಯೊಳಗೆ ಗಾಳಿ ಬರಬೇಕು. ನನ್ನ ಗಾಡಿಯಲ್ಲಿ ಅದು ಮುಚ್ಚಳದ ಸಣ್ಣ ತೂತಿನಿಂದ ಬರುತ್ತಿತ್ತು. ಹೊಸ ಮುಚ್ಚಳಕ್ಕೆ ತೂತೇ ಇರಲಿಲ್ಲ. ಗಾಳಿ ಬರದಿದ್ದರೆ ಒಳಗೆ ನಿರ್ವಾತ ಆಗುತ್ತೆ, ಪಂಪ್ ಎಷ್ಟು ಎಳೆದರೂ ಪೆಟ್ರೋಲ್ ಬರಲ್ಲ. ಹಾಗಾದರೆ ಊರಲ್ಲಿ ಯಾಕೆ ಸರಿಯಾಗಿ ಓಡಿತು? ಆಗ ಟಾಕಿಯಲ್ಲಿ ಇದ್ದದ್ದು ಐದಾರು ಲೀಟರ್, ಉಳಿದದ್ದೆಲ್ಲ ಗಾಳಿ. ಎರಡು ಲೀಟರ್ ಖರ್ಚಾದರೂ ಒಳಗಿನ ಒತ್ತಡ ಅಷ್ಟೇನೂ ಇಳಿಯಲ್ಲ. ಫುಲ್ ಟಾಕಿಯಲ್ಲಿ ಗಾಳಿಗೆ ಜಾಗ ಕಡಿಮೆ, ನಿರ್ವಾತ ಬೇಗ ಕಟ್ಟುತ್ತೆ. ಹಸಿ ಬಟ್ಟೆಯ ಮಹಿಮೆಯೂ ಅಷ್ಟೇ. ನಾವು ಕಾಯುತ್ತಾ ನಿಂತಾಗ ಮುಚ್ಚಳದ ಸಂದಿಯಿಂದ ಚೂರು ಚೂರು ಗಾಳಿ ಒಳಗೆ ಹೋಗುತ್ತಿತ್ತು.

ಮುಚ್ಚಳವನ್ನು ಗಾಡಿಯಿಂದ ದೂರ ಒಯ್ದು ಸಣ್ಣ ತೂತು ಕೊರೆದು ಕೊಟ್ಟರು. ಬೀದರ್‌ವರೆಗೆ ಗಾಡಿ ಒಂದು ಸಲವೂ ಕೆಮ್ಮಲಿಲ್ಲ.

ಹಾಗಾಗಿ ಪೆಟ್ರೋಲ್ ಬರ್ತಿಲ್ಲ ಅನ್ನಿಸಿದರೆ ಟಾಕಿಯಿಂದ ಮುಂದಕ್ಕೆ ಹುಡುಕುತ್ತಾ ಬನ್ನಿ, ಕಾರ್ಬುರೇಟರ್ ಕೊನೆಗೆ. ಗಾಡಿ ನಿಂತ ತಕ್ಷಣ ಮುಚ್ಚಳ ತೆಗೆಯಿರಿ. ಬಿಸಿಲಲ್ಲಿ ಆವಿ ಹೊರಗೆ ಬರುವಾಗಲೂ ಸದ್ದು ಬರುತ್ತೆ, ಅದಕ್ಕೆ ಗಾಳಿ ಒಳಗೆ ಹೋಯಿತೋ ಹೊರಗೆ ಬಂತೋ ಅಂಗೈ ಇಟ್ಟು ನೋಡಿ. ಮುಖ ದೂರ ಇರಲಿ. ಕೆಲವು ಗಾಡಿಗಳಲ್ಲಿ ಗಾಳಿಗೆ ಬೇರೆಯೇ ಪೈಪ್ ಇರುತ್ತೆ, ಅದೂ ಕಟ್ಟಿಕೊಳ್ಳಬಹುದು.

ಅಲ್ಲಿ ಸರಿ ಇದ್ದರೆ ಪಂಪ್ ನೋಡಿ. ಎಂಜಿನ್ ತಣ್ಣಗಾಗಲಿ. ಕಿಡಿ ಬರದ ಹಾಗೆ ಕಾಯಿಲ್ ವೈರ್ ಕಿತ್ತಿಡಿ. ಕಾರ್ಬುರೇಟರ್‌ಗೆ ಬರುವ ಪೈಪ್ ಬಿಚ್ಚಿ ಬಾಟಲಿಯೊಳಗೆ ಇಳಿಬಿಟ್ಟು ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳಿ. ಪಿಚಕ್ ಪಿಚಕ್ ಅಂತ ಜೋರಾಗಿ ಬಂದರೆ ಪಂಪ್ ಸರಿ ಇದೆ, ತೊಂದರೆ ಕಾರ್ಬುರೇಟರ್‌ನಲ್ಲಿ. ಬರದಿದ್ದರೆ ಫಿಲ್ಟರ್‌ನಲ್ಲಿ ಕಚರಾ ಇರಬಹುದು, ಇಲ್ಲಾ ಪಂಪ್‌ನೊಳಗೆ ಪೆಟ್ರೋಲ್ ಎಳೆದು ಒತ್ತುವ ತೆಳು ಪದರ, ಡಯಾಫ್ರಮ್, ಹೋಗಿರಬಹುದು. ಆಯಿಲ್ ಕಡ್ಡಿ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಬಂದರೆ ಡಯಾಫ್ರಮ್ ಹರಿದಿರುವ ಸಾಧ್ಯತೆ ಇದೆ, ಹಾಗೇ ಓಡಿಸಬೇಡಿ. ಪೈಪ್‌ಗೆ ಬಾಯಿ ಹಾಕಿ ಪೆಟ್ರೋಲ್ ಎಳೆಯುವ ಚಟ ನಮ್ಮಲ್ಲಿ ಇದೆಯಲ್ಲ, ಅದು ಬೇಡವೇ ಬೇಡ. ಇನ್ನೊಂದು, ಗಾಡಿ ನಿಂತರೆ ಜನ ಸೇರುತ್ತಾರೆ. ನಾನು ಜೆಟ್ ಊದುವಾಗ ಒಬ್ಬ ಪಕ್ಕದಲ್ಲೇ ಬಂದು ಬೀಡಿ ಹಚ್ಚಿದ. ಬೆಂಕಿ ಆರಿಸುವ ಸಿಲಿಂಡರ್ ಡಿಕ್ಕಿಯಲ್ಲಿ ಅಲ್ಲ, ಸೀಟಿನ ಕೆಳಗೆ ಇಟ್ಟುಕೊಳ್ಳಿ.

ಜೊತೆಗೆ ಎರಡು ಫಿಲ್ಟರ್, ಒಂದು ಮೀಟರ್ ಪೆಟ್ರೋಲ್ ಪೈಪ್, ನಾಲ್ಕು ಕ್ಲಿಪ್, ಒಂದು ಡಯಾಫ್ರಮ್ ಕಿಟ್ ಇರಲಿ. ಪೈಪ್ ಎಥನಾಲ್ ತಡೆಯುವಂಥದ್ದೇ ಕೇಳಿ. ಈಗ ಬಂಕ್‌ನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ಹಳೆ ರಬ್ಬರ್ ಅದಕ್ಕೆ ಮೆತ್ತಗಾಗುತ್ತೆ, ಬಿರುಕು ಬಿಡುತ್ತೆ. ಟಾಕಿಯ ತಳದಲ್ಲಿ ವರ್ಷಗಳಿಂದ ಕೂತ ಕೊಳೆಯೂ ಎದ್ದು ಫಿಲ್ಟರ್‌ಗೆ ಬರುತ್ತೆ. ಬೀದರ್‌ನಲ್ಲಿ ನೋಡಿದರೆ ನನ್ನ ಪೈಪ್‌ನ ಒಂದು ತುದಿ ಕೈಗೆ ಅಂಟುತ್ತಿತ್ತು. ಅಲ್ಲೇ ಬದಲಿಸಿದೆ.

ಬೀದರ್ ಬಗ್ಗೆ ಹೇಳುವವರು ಬೇಕಾದಷ್ಟಿದ್ದಾರೆ. ಕೋಟೆಗೆ ಬೆಳಿಗ್ಗೆ ಬೇಗ ಹೋಗಿ. ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾಕ್ಕೆ ಸಂಜೆ ಹೋಗಿ, ಗೋಡೆಯಲ್ಲಿ ಉಳಿದಿರುವ ಬಣ್ಣದ ಹೆಂಚುಗಳನ್ನು ಹುಡುಕಿ ನೋಡಿ. ಅಷ್ಟು ಸಾಕು.

ವಾಪಸ್ ಹೊರಡುವುದನ್ನು ಮಾತ್ರ ಸಂಜೆ ಐದರ ಮೇಲೆ ಇಟ್ಟುಕೊಳ್ಳಿ. ನಾವು ಮರುದಿನ ಮಧ್ಯಾಹ್ನ ಮೂರಕ್ಕೇ ಹೊರಟೆವು, ಉರಿ ಬಿಸಿಲು. ಹುಮನಾಬಾದ್‌ನಲ್ಲಿ ಚಹಾಕ್ಕೆ ಅಂತ ಹದಿನೈದು ನಿಮಿಷ ನಿಲ್ಲಿಸಿದೆ. ತಿರುಗಿ ಬಂದು ಸೆಲ್ಫ್ ಹೊಡೆದರೆ ಹತ್ತಿಕೊಂಡಿತು, ನೂರು ಮೀಟರ್‌ಗೆ ಸತ್ತಿತು. ಮುಚ್ಚಳ ತೆಗೆದೆ, ಗಾಳಿ ಎಳೆದುಕೊಳ್ಳಲಿಲ್ಲ. ಫಿಲ್ಟರ್ ತುಂಬಾ ಗುಳ್ಳೆ. ಪಂಪ್ ಮುಟ್ಟಲಾಗದಷ್ಟು ಬಿಸಿ. ಓಡುವಾಗ ಬೀಸುವ ಗಾಳಿಯೂ ಇಲ್ಲದೆ ನಿಂತಲ್ಲೇ ಕಾದು ಆವಿ ಕಟ್ಟಿತ್ತು. ಇದು ನಿಜವಾದ ವೇಪರ್ ಲಾಕ್. ನಿಲ್ಲಿಸಿದಾಗ ಬಾನೆಟ್ ಎತ್ತಿಟ್ಟಿದ್ದರೆ ಬಹುಶಃ ಆಗುತ್ತಿರಲಿಲ್ಲ. ಆದ ಮೇಲೆ ಪಂಪ್ ಮತ್ತು ಪೈಪ್ ಮೇಲೆ ಹಸಿ ಬಟ್ಟೆ ಹಾಕಿ ಅರ್ಧ ಗಂಟೆ ಕಾಯಬೇಕು ಅಷ್ಟೇ. ಕಾದ ಎಂಜಿನ್ ಮೇಲೆ ನೀರು ಸುರಿಯಬೇಡಿ, ಬ್ಲಾಕ್ ಸೀಳಬಹುದು.

ತಿರುಗಿ ನೋಡಿದರೆ ಕಾಕಾ ಆಗಲೇ ಹೆಗಲ ಮೇಲಿನ ಟವೆಲ್ ನೆನೆಸಿ, ಹಿಂಡಿ, ಕೈಯಲ್ಲಿ ಹಿಡಿದು ನಿಂತಿದ್ದರು.